ಏಪ್ರನ್ ತೊಟ್ಟ ಮೀನುಗಾರ

ಪ್ರೀತಿಯ ಮೈದುನನಿಗೆ,

ರಾತ್ರಿ ಎರಡೂವರೆಗೆ ಮಗಳ ಟ್ಯಾಬ್ ಟಿಣ್ ಎಂದಿತು. ನಾನು ಏಳುವಷ್ಟರಲ್ಲಿ ಅವಳು ಹಾಸಿಗೆಯ ಮೇಲೆ ಕುಣಿಯುತ್ತಿದ್ದಳು. "ಅಮ್ಮಾ, ಅಪ್ಪ ಆಟಕ್ಕೆ ಬಂದಿದಾರೆ! ಸತ್ತೋದ್ರು ಅಂತ ಸುಳ್ಳು ಹೇಳಿದ್ಯಲ್ಲಾ!"

ನೋಡಿದರೆ ನಿಮ್ಮಣ್ಣ ಹಳೆಯ ಆಟದಲ್ಲಿ ಆಡಿಸುತ್ತಿದ್ದ ಅದೇ ಮೀನುಗಾರ, ಅದೇ ಕೆಂಪು ಟೊಪ್ಪಿಗೆ. ಈ ಹೊಸ ಆಟದಲ್ಲಿ ಅವನ ಹಳೆಯ ಮಳೆಯಂಗಿ ಸಿಗಲಿಲ್ಲವೇನೋ, ಅಡುಗೆಯವನ ಏಪ್ರನ್ ತೊಟ್ಟಿದ್ದ. ಅವರ ಹಾಗೆಯೇ ಎರಡು ಸಲ ನೆಗೆದು ಅವಳ ಪಕ್ಕ ಕೂತ. ನನಗೂ ಬುದ್ಧಿ ನೆಟ್ಟಗಿರಲಿಲ್ಲ. "ಊಟ ಆಯ್ತಾ?" ಎಂದು ಬರೆದುಬಿಟ್ಟೆ.

"ಆಯ್ತು ಅತ್ತಿಗೆ" ಎಂದು ಉತ್ತರ ಬಂತು.

ಆಮೇಲೆ ನೀನು ಮಾಯವಾದೆ. ಎಷ್ಟು ಸಲ ಫೋನ್ ಮಾಡಿದರೂ ಎತ್ತುತ್ತಿಲ್ಲ, ಅದಕ್ಕೇ ಇದನ್ನು ಬರೆದು ಮೊಬೈಲಿಗೆ ಕಳಿಸುತ್ತಿದ್ದೇನೆ. ನಿನ್ನನ್ನು ಬೈಯುವುದಿಲ್ಲ. ನೀನೂ ಅಣ್ಣನನ್ನು ನೋಡಬೇಕೆಂದೇ ಆ ಮೀನುಗಾರನನ್ನು ಮಾಡಿಕೊಂಡಿರುತ್ತೀಯ.

ಆದರೆ ಮಗಳಿಗೆ ಇನ್ನೂ ಓದಲು ಬಾರದು. "ನಾಳೆ ಅಪ್ಪನೇ ಜಡೆ ಹಾಕ್ಲಿ, ನೀನು ಎಳೀತೀಯ" ಎಂದು ಹೇಳಿ ನಗುತ್ತಲೇ ನಿದ್ದೆಹೋದಳು. ಬಂದದ್ದು ಚಿಕ್ಕಪ್ಪ ಎಂದು ನಾನು ಹೇಳಿದರೆ ನಂಬುವುದಿಲ್ಲ, ನೀನೇ ಹೇಳಬೇಕು. ಅಪ್ಪ ಇಲ್ಲ ಎಂದು ಅವಳಿಗೆ ಒಮ್ಮೆ ಹೇಳಿದ್ದೇನೆ. ಇನ್ನೊಮ್ಮೆ ನನ್ನಿಂದಾಗದು. ಬೆಳಗಾಗುವ ಮೊದಲು ಫೋನ್ ಮಾಡೋ, ನಿನ್ನ ದಮ್ಮಯ್ಯ.

ಇಂತಿ,
ಕಾಯುತ್ತಿರುವ ನಿನ್ನ ಅತ್ತಿಗೆ