ಕೊನೇ ಕಂತು ಹೇಳಬಾರದು

ಮನೆ, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕ್ರೇನ್ ಮೇಲೆ ಕೂತೂ ಕೂತೂ ಹಿಡಿದುಕೊಂಡಿದ್ದ ಬೆನ್ನು ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ತೀಯಾ, ಇಲ್ಲ ಎರಡು ಬಿಸ್ಕತ್ತು ತಿಂದು ಊಟ ಆಯ್ತು ಅಂತೀಯಾ? ನಾನು ಚೆನ್ನಾಗಿದ್ದೀನಿ. ಅಮ್ಮಂದು ನಿನಗೆ ಗೊತ್ತೇ ಇದೆ, ಗುರುವಾರ ಹಾರ್ಟ್ ಆಪರೇಷನ್. ಫೋನಲ್ಲಿ ಮಾತಾಡೋಣ ಅಂದ್ರೆ ಈ ಒಂದು ರೂಮಿನ ಮನೇಲಿ ಅವಳು ಪಕ್ಕದಲ್ಲೇ ಇರ್ತಾಳೆ. "ಏನೂ ಇಲ್ಲ ಮಗಾ, ಚಿಕ್ಕ ಆಪರೇಷನ್ನು, ನೀನು ಆಮೇಲೆ ನಿಧಾನಕ್ಕೆ ಬಾ" ಅಂತ ಫೋನೇ ಕಿತ್ಕೋತಾಳೆ. ಮೆಸೇಜ್ ಕಳಿಸಿದ್ರೆ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗ್ತೀಯ. ಅದಕ್ಕೇ ಈ ಕಾಗದ. ನಿಮ್ಮ ಬಂದರಿಗೆ ಬರೋ ಲಾರಿ ಡ್ರೈವರ್ ಕೈಲಿ ಕೊಡ್ತಿದ್ದೀನಿ, ನಾಳೆ ಬೆಳಿಗ್ಗೆ ತಲುಪಿಸ್ತೀನಿ ಅಂದಿದ್ದಾನೆ.

ಕಳೆದ ರಜೇಲಿ ನೀನೂ ಅಮ್ಮಾನೂ ನೋಡೋಕೆ ಶುರು ಮಾಡಿದ ಧಾರಾವಾಹಿ ಮುಗಿದು ಎಷ್ಟೋ ದಿನ ಆಯ್ತು, ಕೊನೇ ಕಂತು ಮಾತ್ರ ನಮ್ಮನೇಲಿ ಇನ್ನೂ ಹಾಗೇ ಇದೆ ಮಾರಾಯ. ನೀನು ಬಂದ್ಮೇಲೆ ಇಬ್ರೂ ಕೂತೇ ನೋಡ್ಬೇಕಂತೆ. ಅಲ್ಲೀವರೆಗೆ ಹಳೇ ಕಂತುಗಳನ್ನೇ ತಿರುಗಾ ಮುರುಗಾ ನೋಡ್ತಾಳೆ. ನಾನು ತಡೀಲಾರದೆ ಇಯರ್‌ಫೋನ್ ಹಾಕ್ಕೊಂಡು ಒಬ್ಳೇ ನೋಡ್ಬಿಟ್ಟೆ. ಅವತ್ತಿಂದ ನನಗೆ ಅಮ್ಮನ ಬೆನ್ನ ಹಿಂದೇನೇ ಜಾಗ. ನಮ್ಮನೆ ಕಾನೂನು ಗೊತ್ತಲ್ಲ, ಕೊನೆ ಗೊತ್ತಿದ್ದವರು ಹಿಂದೆ ಕೂರ್ಬೇಕು, ಬಾಯಿ ಸುಮ್ಮನಿದ್ರೂ ಮುಖ ಸುಮ್ಮನಿರಲ್ಲ ಅಂತಾಳೆ. ಮೊನ್ನೆ ಎದುರು ಮನೆ ಟೈಲರಮ್ಮ ಅಳತೆ ತಗೊಳ್ಳೋಕೆ ಬಂದವಳು "ಅಯ್ಯೋ, ಕೊನೇಲಿ ಆ ಲಾಯರು..." ಅಂತ ಬಾಯಿ ತೆಗೆದಳೋ ಇಲ್ಲವೋ, ಅಮ್ಮ ಅವಳ ಟೇಪನ್ನ ಅವಳ ಬಾಯಿಗೇ ಸುತ್ತೋಕೆ ಹೋದ್ಲು. ಪಾಪ, ಅಳತೇನೂ ಬೇಡ ಏನೂ ಬೇಡ ಅಂತ ಬಂದ ದಾರೀಲೇ ವಾಪಸ್ ಹೋದ್ಲು.

ನನ್ನ ಥಿಯೇಟರ್ ಕೌಂಟರಲ್ಲೂ ಇದೇ ಗೋಳು. ಒಬ್ಬ ಮಹಾನುಭಾವ ಮ್ಯಾಟಿನಿ ಬಿಟ್ಟು ಹೊರಗೆ ಬರ್ತಾ, ಕ್ಯೂಲಿ ನಿಂತವರಿಗೆಲ್ಲ ಕೇಳೋ ಹಾಗೆ ಫೋನಲ್ಲಿ ಕೊಲೆ ಮಾಡಿದ್ದು ಯಾರು ಅಂತ ಒದರಿಬಿಟ್ಟ. ಟಿಕೆಟ್ ವಾಪಸ್ ತಗೊಳ್ಳಿ ಅಂತ ಎಲ್ರೂ ನನ್ನ ಕಿಟಕಿಗೆ ಬಿದ್ರು. ಮೊದಲಾಗಿದ್ರೆ ನಾನೂ ಅವನಿಗೆ ಸಹಸ್ರನಾಮ ಮಾಡ್ತಿದ್ದೆ. ಈಗ ಮಾತ್ರ, ಗುರುವಾರ ಏನಾಗತ್ತೆ ಅಂತ ಯಾರಾದ್ರೂ ನನಗೂ ಹೀಗೇ ಮುಂಚೇನೇ ಹೇಳ್ಬಾರ್ದಾ ಅನ್ನಿಸ್ತು. ಡಾಕ್ಟರನ್ನ ಕೇಳಿದ್ರೆ "ನೋಡೋಣ" ಅಂತಾರೆ. ಅವರ ಮುಖಾನೇ ದಿಟ್ಟಿಸಿ ನೋಡ್ದೆ, ಏನೂ ತಿಳೀಲಿಲ್ಲ. ಕೂತಲ್ಲಿ ಕೂರೋಕಾಗಲ್ಲ, ನಿಂತಲ್ಲಿ ನಿಲ್ಲೋಕಾಗಲ್ಲ, ಒಗೆದ ಬಟ್ಟೇನೇ ಮತ್ತೆ ಒಗೀತೀನಿ. ತುಂಬಾ ಭಯ ಆಗ್ತಿದೆ ಅಣ್ಣಾ. ಅಮ್ಮ ಆಸ್ಪತ್ರೆ ಚೀಲ ತಾನೇ ಕಟ್ಟಿಟ್ಟು, ನನಗೇ ಸಮಾಧಾನ ಹೇಳ್ತಾಳೆ.

ಡ್ರೈವರ್ ಹಾರ್ನ್ ಹೊಡೀತಿದ್ದಾನೆ. ನಿನ್ನ ರೂಮಿನವರನ್ನೆಲ್ಲ ಕೇಳಿದೆ ಅಂತ ಹೇಳು. ಮೇಲೆ ಹತ್ತುವಾಗ ಹುಷಾರು.

ಇಂತಿ ನಿನ್ನ ತಂಗಿ,
ಪಿಟೀಲು (ನೀನೇ ಇಟ್ಟ ಹೆಸರು, ಅನುಭವಿಸು)

ಇನ್ನೊಂದು ವಿಷಯ. ಮರೆತದ್ದಲ್ಲ, ಬರೆಯೋಕೆ ಕೈ ಬಂದಿರ್ಲಿಲ್ಲ. ಇವತ್ತು ಬೆಳಿಗ್ಗೆ ತಲೆ ಬಾಚ್ಕೋತಾ ಅಮ್ಮ ಮೆಲ್ಲಗೆ, "ಕೊನೇಲಿ ಏನಾಯ್ತೇ? ಹೇಳ್ಬಿಡು, ಪರವಾಗಿಲ್ಲ" ಅಂದ್ಲು. ನಮ್ಮಮ್ಮ ಕಣೋ! ಕಾಯೋಕೆ ಆಗತ್ತೋ ಇಲ್ವೋ ಅಂತ ಅವಳಿಗೇ ಅನುಮಾನ ಬಂದಿದೆ. ಹಾಲು ಉಕ್ತಿದೆ ಅಂತ ಸುಳ್ಳು ಹೇಳಿ ಎದ್ದು ಬಂದೆ. ನಾನಂತೂ ಹೇಳಲ್ಲ. ಆಪರೇಷನ್ ಆದ್ಮೇಲೆ ಅಲ್ಲ, ಬುಧವಾರ ಸಂಜೆಯೊಳಗೆ ಬಂದು ಅವಳ ಪಕ್ಕ ಕೂತ್ಕೊಂಡು ಆ ಕಂತು ನೋಡು.