ನಿಮ್ಮ ಕಣ್ಣಾಸ್ಪತ್ರೆಯ ನೆಲ ಒರೆಸಿದವಳ ಕಣ್ಣು

ಸರ್ಕಾರಿ ಕಣ್ಣಾಸ್ಪತ್ರೆಯ ಅಧೀಕ್ಷಕರಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಣ್ಣಾಸ್ಪತ್ರೆಯೊಳಗೇ ಹನ್ನೊಂದು ವರ್ಷ ದುಡಿದ ನನ್ನ ಅಕ್ಕನ ಬಲಗಣ್ಣು ಹೋಗಿದೆ. ಎಡಗಣ್ಣಿನಲ್ಲಿ ಉಳಿದಿರುವುದು ಕೊಳವೆಯೊಳಗಿಂದ ಇಣುಕಿದಷ್ಟು ನೋಟ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಪ್ರೆಸ್ಸಿನಲ್ಲಿ ಕರಡು ತಿದ್ದುವ ನಾನು ಎಷ್ಟೋ ಸಲ ಓದಿದ್ದೇನೆ. ಅದನ್ನು ಇಷ್ಟು ಶ್ರದ್ಧೆಯಿಂದ ಜಾರಿಗೆ ತಂದ ಕಚೇರಿ ಬೇರೊಂದಿರಲಾರದು. ಅಭಿನಂದನೆಗಳು.

ಅಕ್ಕನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮಲ್ಲಿ ಎಲ್ಲರೂ ಅವಳನ್ನು ಫಿನಾಯಿಲಮ್ಮ ಎನ್ನುತ್ತಿದ್ದರು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅವಳ ಪಾಳಿ. ನಿಮ್ಮ ಚೀಟಿ ಕೌಂಟರ್ ತೆರೆಯುವುದು ಎಂಟಕ್ಕೆ, ಮುಚ್ಚುವುದು ಹತ್ತಕ್ಕೆ. ಆ ಸಾಲಿನಲ್ಲಿ ನಿಂತವರ ಕಾಲಡಿ ಒರೆಸುವುದು ಅವಳ ಕರ್ತವ್ಯ. ತಾನೇ ಆ ಸಾಲಿನಲ್ಲಿ ನಿಂತರೆ ಅರ್ಧ ದಿನದ ಹಾಜರಿ ಖೋತಾ.

ಮೂರು ವರ್ಷದ ಹಿಂದೆ ಅವಳ ಭುಜ ಬಾಗಿಲ ಚೌಕಟ್ಟಿಗೆ ಬಡಿಯತೊಡಗಿತು. ಪಕ್ಕದಲ್ಲಿ ತಾನೇ ಇಟ್ಟ ಬಕೆಟ್ಟನ್ನು ಎಡವಿದಳು. "ಏನಮ್ಮಾ, ಬೆಳಿಗ್ಗೆನೇ ಹಾಕ್ಕೊಂಡು ಬರ್ತೀಯಾ?" ಎಂದನಂತೆ ಗುತ್ತಿಗೆದಾರನ ಮೇಸ್ತ್ರಿ, ರೋಗಿಗಳ ಎದುರಿಗೇ. ಎಲ್ಲರೂ ನಕ್ಕರಂತೆ. ಅಕ್ಕನೂ ನಕ್ಕಳಂತೆ. ಕೆಲಸ ಉಳಿಯಬೇಕಲ್ಲ!

ಗುತ್ತಿಗೆ ನವೀಕರಿಸುವ ಮೊದಲು ಈ ನೆಲ ಒರೆಸುವವರಿಗೆ ವರ್ಷಕ್ಕೊಮ್ಮೆ ದೃಷ್ಟಿ ಪರೀಕ್ಷೆ ಮಾಡುತ್ತೀರಿ. ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟವನ್ನು ಓದಬೇಕು, ಅಷ್ಟೇ. ಆ ಪಟದ ದೂಳನ್ನು ದಿನವೂ ಒರೆಸುತ್ತಿದ್ದವಳು ಅಕ್ಕನೇ. ಆ ವರ್ಷವೂ ಕಡೆಯ ಸಾಲಿನ ತನಕ ಬಾಯಿಪಾಠ ಒಪ್ಪಿಸಿದಳು. 'ದೃಷ್ಟಿ ಉತ್ತಮ' ಎಂದು ನೀವು ಮುದ್ರೆ ಒತ್ತಿದಿರಿ. ಸುಳ್ಳು ಹೇಳಿದ್ದು ಅವಳ ತಪ್ಪಲ್ಲವೇ ಎನ್ನುವಿರಿ. ಕಣ್ಣು ಮಂಜು ಎಂದರೆ ಕೆಲಸಕ್ಕೇ ಸಂಚಕಾರ ಎಂಬ ಪಾಠವನ್ನು ಅವಳಿಗೆ ಕಲಿಸಿದ್ದು ಯಾರು?

ಅದೇ ವರ್ಷ ನಾನು ಕನ್ನಡಕ ಬದಲಿಸಲು ಖಾಸಗಿ ವೈದ್ಯರ ಬಳಿ ಹೋಗಿದ್ದೆ. ಅವರು ಕಣ್ಣಿನ ಒತ್ತಡ ಅಳೆದು, ಗ್ಲಾಕೋಮಾ ಶುರುವಾಗಿದೆ, ನೋವಿಲ್ಲದೆ ನೋಟ ತಿನ್ನುವ ರೋಗ ಇದು, ದಿನವೂ ಹನಿ ಹಾಕಿ ಎಂದರು. ಅರ್ಧ ಗಂಟೆಯ ಕೆಲಸ. ನನ್ನ ಕಣ್ಣು ಉಳಿಯಿತು. ಒಡಹುಟ್ಟಿದವರಿಗೂ ಬರಬಹುದು, ತೋರಿಸಿ ಎಂದಿದ್ದರು. ಅಕ್ಕನಿಗೆ ಹೇಳಿದೆ. "ನಾನಿರೋದೇ ಕಣ್ಣಾಸ್ಪತ್ರೆಲಿ ಕಣೇ, ನನಗೇನಾಗುತ್ತೆ?" ಎಂದಳು. ನಾನು ನಂಬಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ: ನನಗೆ ರಜೆ ಇತ್ತು, ಅವಳಿಗಿರಲಿಲ್ಲ.

ಕಡೆಗೆ ಆಸ್ಪತ್ರೆಯ ಮೆಟ್ಟಿಲಲ್ಲೇ ಬಿದ್ದು ಅವಳ ಮುಂಗೈ ಮುರಿಯಿತು. ಮೇಸ್ತ್ರಿ ಕೆಲಸ ಬಿಡಿಸಿ ಮನೆಗೆ ಕಳಿಸಿದ. ಹಾಗಾಗಿ ಮೊದಲ ಬಾರಿಗೆ ನಿಮ್ಮ ಸಾಲಿನಲ್ಲಿ ನಿಲ್ಲುವ ಭಾಗ್ಯ ಸಿಕ್ಕಿತು. ನಾನು ಜೊತೆಗಿದ್ದೆ. ನಿಮ್ಮ ವೈದ್ಯರು ಬೆಳಕು ಬಿಟ್ಟು ನೋಡಿ ನಿಟ್ಟುಸಿರಿಟ್ಟರು.

"ಎರಡು ವರ್ಷ ಮುಂಚೆನೇ ಬರಬಾರದಿತ್ತಾ ಅಮ್ಮಾ?"

"ಎರಡು ವರ್ಷ ಮುಂಚೆನೂ ಇಲ್ಲೇ ಇದ್ನಲ್ಲಾ ಸಾರ್. ನಿಮ್ಮ ಕುರ್ಚಿ ಕೆಳಗೆ ಒರೆಸ್ತಿದ್ದೆ. ಕಾಲು ಸ್ವಲ್ಪ ಎತ್ತಿ ಅಂದ್ರೆ ಎತ್ತುತಿದ್ರಿ."

ಅವರು ತಲೆ ತಗ್ಗಿಸಿದರು. ಅವರನ್ನು ದೂರಲಾರೆ; ಅವರಿಗೆ ನಾಚಿಕೆಯಾದರೂ ಆಯಿತು. ನನ್ನ ಮೊದಲ ಪತ್ರಕ್ಕೆ ನಿಮ್ಮಿಂದ ಬಂದ ಉತ್ತರದಲ್ಲಿ ಅದೂ ಇಲ್ಲ: 'ಸದರಿ ಮಹಿಳೆಯು ಗುತ್ತಿಗೆದಾರರ ಕಾರ್ಮಿಕಳಾಗಿದ್ದು, ಆಸ್ಪತ್ರೆಗೂ ಆಕೆಗೂ ಯಾವುದೇ ಸಂಬಂಧವಿರುವುದಿಲ್ಲ.' ಹನ್ನೊಂದು ವರ್ಷ ಯಾರ ನೆಲ ಒರೆಸಿದಳು ಸ್ವಾಮೀ? ಗುತ್ತಿಗೆದಾರನ ಮನೆಯದೇ?

ಅಕ್ಕನಿಗೆ ಹೋದದ್ದು ಮರಳಿ ಬರದು ಎಂದು ನನಗೆ ಗೊತ್ತು. ಉಳಿದಿರುವ ಎಡಗಣ್ಣಿಗೆ ಹನಿ ಕೊಡಿ. ನಿಮ್ಮ ಔಷಧಿ ಕೌಂಟರ್ ನಾಲ್ಕು ತಿಂಗಳಿಂದ 'ಸ್ಟಾಕ್ ಇಲ್ಲ' ಎನ್ನುತ್ತಿದೆ. ವಾರಕ್ಕೆರಡು ದಿನವಾದರೂ ಸಂಜೆ ಆರರವರೆಗೆ ಚೀಟಿ ಕೊಡಿ. ಬಡವರಿಗೂ ಕಣ್ಣಿದೆ, ಬೆಳಿಗ್ಗೆ ಬಿಡುವಿಲ್ಲ. ನಿಮ್ಮ ಛಾವಣಿಯಡಿ ದುಡಿಯುವ ಪ್ರತಿಯೊಬ್ಬರ ಕಣ್ಣಿನ ಒತ್ತಡವನ್ನು ಯಂತ್ರದಲ್ಲಿ ಅಳೆಯಿರಿ.

ಯಾರಿಂದ ಶುರು ಮಾಡಬೇಕೆಂದು ಯೋಚಿಸಬೇಡಿ. ಅಕ್ಕನ ಜಾಗಕ್ಕೆ ಬಂದ ಹೆಂಗಸು ಕಳೆದ ವಾರ ಗೇಟಿನ ಬಳಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅಕ್ಕಾ, ಬಲ್ಬ್ ಸುತ್ತ ಬಣ್ಣದ ಬಳೆ ಥರ ಕಾಣುತ್ತೆ, ತಲೆ ಸಿಡಿಯುತ್ತೆ. ಯಾರಿಗೂ ಹೇಳ್ಬೇಡಿ" ಎಂದಳು. ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಅವಳ ಕೆಲಸಕ್ಕೆ ಕುತ್ತು ಬಂದರೆ ಮುಂದಿನ ಪತ್ರ ನ್ಯಾಯಾಲಯಕ್ಕೆ. ನಾಳೆ ಒಂಬತ್ತು ಗಂಟೆಗೆ ಅವಳು ನಿಮ್ಮ ಕೋಣೆಯ ಹೊರಗೆ ಬಗ್ಗಿ ನೆಲ ಒರೆಸುತ್ತಿರುತ್ತಾಳೆ. ಬಾಗಿಲು ತೆಗೆದು ಒಳಗೆ ಕರೆಯಿರಿ.

ಇಂತಿ,
ತಡವಾಗಿ ಎಚ್ಚೆತ್ತ ತಂಗಿ