ಕಪ್ಪು ತಂತಿಗೆ ಕೆಂಪು ಟೇಪು

ಮಂಗಳವಾರ, ಮಾರ್ಚ್ 4

ಪ್ಯಾನ್‌ಕೇಕ್ ಮಂಗಳವಾರ; ನಾಳೆಯಿಂದ ಉಪವಾಸದ ದಿನಗಳು, ಇವತ್ತು ಮನೆಮನೆಯಲ್ಲೂ ಪ್ಯಾನ್‌ಕೇಕ್. ಹಿಟ್ಟು ಕಲಸಿ, ನಿಂಬೆಹಣ್ಣು ಕತ್ತರಿಸಿಟ್ಟಿದ್ದೆ. ನನ್ನ ಗಂಡ ಕ್ಲಿಫ್ ಮಹಡಿಯ ಹಿಂದಿನ ಕೋಣೆಯಲ್ಲಿ ಏಣಿ ಹತ್ತಿದ್ದ — ಬರ್ನ್ಲಿ ಮಾರ್ಕೆಟ್ಟಿನಲ್ಲಿ ಕೊಂಡ ಮೂರು ಬಲ್ಬಿನ ಹಿತ್ತಾಳೆ ದೀಪ ಸೀಲಿಂಗಿಗೆ ಹಾಕಲು. ಫ್ಯೂಸ್ ಹಾಕಿದ್ದೇ ತಡ, ದೀಪ ತಾನಾಗಿಯೇ ಹತ್ತಿಕೊಂಡಿತು. ಸ್ವಿಚ್ ಒತ್ತಿದ. ಢಬ್! ಮನೆಯ ದೀಪಗಳೆಲ್ಲ ಹೋದವು.

"ಕಳಪೆ ಮಾಲು ಕಣೇ, ಏನ್ ಮಾಡಕ್ಕಾಗುತ್ತೆ."

ಮಾಲಿನ ತಪ್ಪಲ್ಲ. ನನಗೇ ಗೊತ್ತು. ಸ್ವಿಚ್ಚಿನಿಂದ ವಾಪಸು ಬರುವ ತಂತಿಯ ಬಣ್ಣ ಕಪ್ಪು, ಆದರೆ ಅದು ಕರೆಂಟು ತರುವ ತಂತಿ. ಕರೆಂಟಿಲ್ಲದ ಉಳಿದ ಕಪ್ಪು ತಂತಿಗಳ ಜೊತೆ ಸೇರಿಸಬಾರದು. ಗುರುತಿಗೆ ತುದಿಯಲ್ಲಿ ಕೆಂಪು ಟೇಪು ಸುತ್ತಬೇಕು. ಬೀದಿಗೆಲ್ಲ ಈ ಪಾಠ ಹೇಳಿದವನೇ ಇವನು! ಇವತ್ತು ನೋಡಿದರೆ ಕಪ್ಪು ತಂತಿಯೆಲ್ಲ ಒಂದು ಕಟ್ಟು, ಕರೆಂಟಿನ ಕೆಂಪು ತಂತಿಯೆಲ್ಲ ಒಂದು ಕಟ್ಟು.

ಪ್ಯಾನ್‌ಕೇಕಿಗೆ ಸಕ್ಕರೆ ಉದುರಿಸಿಕೊಂಡ. ಮತ್ತೆ ಉದುರಿಸಿಕೊಂಡ. ಮತ್ತೆ... ಹಾಕಿಕೊಂಡದ್ದೇ ನೆನಪಿಲ್ಲ ಅವನಿಗೆ. ಹೆದರಿಕೆಯಾಯಿತು.

ಬುಧವಾರ, ಮಾರ್ಚ್ 5

ಇವತ್ತು ಹೇಗೋ ಸರಿಮಾಡಿದ. ಸ್ವಿಚ್ಚಿಗೆ ಹತ್ತುತ್ತದೆ, ಆರುತ್ತದೆ. ಆದರೆ ಮುಂಚೆ ಸೀಲಿಂಗಿನಲ್ಲಿದ್ದ ಹಳೆಯ ಬಿಳಿ ಬಿಲ್ಲೆಯೊಳಗೆ ಒಂದೊಂದು ತಂತಿಗೂ ಜಾಗವಿತ್ತು, ಮೇಲೆ ಮುಚ್ಚಳವಿತ್ತು. ಈ ಹೊಸ ದೀಪದ ಹಿತ್ತಾಳೆ ತಟ್ಟೆಯ ಹಿಂದೆ ಏನೂ ಇಲ್ಲ. ತಂತಿಯ ಗಂಟುಗಳಿಗೆ ಬರೀ ಟೇಪು ಸುತ್ತಿ, ಸೀಲಿಂಗಿನ ತೂತಿನೊಳಗೆ ತುರುಕಿಬಿಟ್ಟ.

"ಅದಕ್ಕೊಂದು ಡಬ್ಬಿ ಬೇಡ್ವಾ, ಕ್ಲಿಫ್?"

"ನನಗೇ ಹೇಳ್ಕೊಡ್ತೀಯಾ, ಮೇವಿಸ್? ಹೋಗು, ಟೀ ಇಡು ಹೋಗು."

ಸಂಜೆ ಮಗಳು ಲಿನೆಟ್ ಫೋನ್ ಮಾಡಿದಳು. ಅವಳಿಗೆ ಇದು ಎಂಟನೇ ತಿಂಗಳು, ಚಿಂತೆ ಹಚ್ಚುವುದು ಬೇಡ. ಅಪ್ಪ ತುಂಬ ಚೆನ್ನಾಗಿ ದೀಪ ಹಾಕಿದ ಅಂದೆ.

ಮಂಗಳವಾರ, ಮಾರ್ಚ್ 18

ಆ ಕೋಣೆಯಲ್ಲಿ ವಾಸನೆ. ಕಮಟು, ಮೀನು ಕೆಟ್ಟ ಹಾಗೆ. ತಟ್ಟೆಯ ಸುತ್ತ ಸೀಲಿಂಗ್ ಕಂದಾಗಿದೆ. ಕ್ಲಿಫ್ ತನ್ನ ತರಕಾರಿ ತೋಟಕ್ಕೆ ಹೋಗಲೆಂದು ಕಾದು, ಮೂರನೇ ಮನೆಯ ಝಹೂರ್‌ನನ್ನು ಕರೆದೆ. ಅವನದು ಕರೆಂಟಿನ ಕೆಲಸವೇ. ತಟ್ಟೆ ಬಿಚ್ಚಿದ, ಟಾರ್ಚು ಬಿಟ್ಟು ನೋಡಿದ.

"ಆಂಟಿ, ಬೆಂಕಿ ಹತ್ಕೊಂಡಿಲ್ವಲ್ಲ, ಅದೇ ಪುಣ್ಯ. ನೋಡಿ ಇದನ್ನ."

ಟೇಪು ಕರಗಿ ಅಂಟಾಗಿತ್ತು. ಚಳಿ ತಡೆಯಲೆಂದು ಸೀಲಿಂಗಿನ ಮೇಲೆ ಹಾಸಿದ ಉಣ್ಣೆ ಸೀದಿತ್ತು. ಕೆಟ್ಟ ತುದಿಗಳನ್ನು ಕತ್ತರಿಸಿ, ಹೊಸದಾಗಿ ಬಿಗಿದು, ಎಲ್ಲವನ್ನೂ ಪುಟ್ಟ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ. ಕಪ್ಪು ತಂತಿಗೆ ಕೆಂಪು ಟೇಪೂ ಸುತ್ತಿದ.

"ಕ್ಲಿಫ್ ಅಂಕಲ್ ಹಿಂಗೆಲ್ಲ ಮಾಡೋರಲ್ಲ. ಹುಷಾರಾಗಿದಾರಾ?"

"ಕಣ್ಣು ಮಂಜು ಕಣಪ್ಪ, ಅಷ್ಟೇ. ಅವನಿಗೆ ಹೇಳ್ಬೇಡ."

ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನನಗೆ. ಸೀಲಿಂಗಿನ ಕಂದು ಕಲೆಯ ಮೇಲೆ ಬಣ್ಣ ಬಳಿದೆ.

ಭಾನುವಾರ, ಮಾರ್ಚ್ 23

ಕ್ಲಿಫ್ ದೀಪದ ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದ.

"ಯಾರು ಏನೇ ಅನ್ಲಿ, ಕೈ ಇನ್ನೂ ಕೆಟ್ಟಿಲ್ಲ, ಅಲ್ವಾ?"

"ಹೂಂ ಮತ್ತೆ!" ಅಂದೆ.

ಊಟದ ತನಕ ಶಿಳ್ಳೆ ಹಾಕಿಕೊಂಡೇ ಓಡಾಡಿದ. ಎಷ್ಟು ದಿನವಾಗಿತ್ತು ಆ ಶಿಳ್ಳೆ ಕೇಳಿ. ಅದನ್ನು ನಿಲ್ಲಿಸುವ ಧೈರ್ಯ ನನಗಿಲ್ಲ.

ಶನಿವಾರ, ಮಾರ್ಚ್ 29

ಅಂಗಡಿಯಿಂದ ಬಂದೆ. ಕ್ಲಿಫ್ ಇಲ್ಲ. ಅವನ ರಿಪೇರಿ ಸಾಮಾನಿನ ಚೀಲವೂ ಇಲ್ಲ. ಲಿನೆಟ್‌ಗೆ ಫೋನ್ ಮಾಡಿದೆ.

"ಅಪ್ಪ ಇಲ್ಲೇ ಇದಾನಮ್ಮ. ಪಾಪು ರೂಮಿಗೆ ಹೊಸ ದೀಪ ಹಾಕ್ತಿದಾನೆ."

"ಇಳಿಯಕ್ಕೆ ಹೇಳು. ಈಗಲೇ!"

"ಯಾಕೆ? ನಿಮ್ಮನೇದು ತುಂಬ ಚೆನ್ನಾಗಿ ಹಾಕಿದ ಅಂತ ನೀನೇ ಹೇಳಿದ್ಯಲ್ಲ?"

ಹೇಳಿಬಿಟ್ಟೆ. ಢಬ್ ಎಂದದ್ದು, ಸುಟ್ಟ ಟೇಪು, ಕದ್ದು ಕರೆಸಿದ ಝಹೂರ್. ಮೊನ್ನೆ ಕ್ಲಿಫ್ ನಮ್ಮದೇ ಬೀದಿಯಲ್ಲಿ ಮನೆ ಯಾವುದೆಂದು ಹುಡುಕುತ್ತಾ ನಿಂತಿದ್ದದ್ದು. ಅಪ್ಪನ ಕೈಗೆ ಮಗುವಿನ ಕೋಣೆ ಕೊಡಬೇಡ ಅಂತಲೂ ಅಂದೆ.

ಆ ಕಡೆ ಏಣಿ ಕಿರುಗುಟ್ಟಿತು. ಅವಳ ಫೋನು ಸ್ಪೀಕರಿನಲ್ಲಿತ್ತು — ಅವನು ಕೇಳಿದ್ದಾನೆ, ಒಂದೊಂದು ಮಾತೂ.

"ಮೇವಿಸ್... ಹಂಗಾದ್ರೆ ಆ ದೀಪ ನಾನು ಹಾಕಿದ್ದಲ್ವಾ?"

ಅಲ್ಲ, ಅಂದೆ.

ಲಿನೆಟ್ ಅವನನ್ನು ಬಸ್ಸು ಹತ್ತಿಸಿದ್ದಾಳಂತೆ. ನಾನೇ ನಿಲ್ದಾಣಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಟೀ ಇಟ್ಟು ಕೂತಿದ್ದೇನೆ. ಬಂದ ಕೂಡಲೇ ಏನು ಹೇಳಲಿ? ಕ್ಲಿಫ್, ನಿನ್ನ ಮೇಲೆ ನನಗೆ —

ಗೇಟಿನ ಸದ್ದಾಯಿತು. ಅವನೇ —